ಹಬ್ಬಕ್ಕೆ ಮೊದಲೇ ನಾಯಿಯ ತಿನಿಸು: ಬೇಯಿಸಿ, ಫ್ರೀಜರಿನಲ್ಲಿ ಕಾಪಿಡುವ ಕ್ರಮ

ದೀಪಾವಳಿಯ ದಿನಗಳಲ್ಲಿ ನಮ್ಮ ಮನೆಗೆ ಬರುವ ನೆಂಟರಲ್ಲಿ ಅರ್ಧದಷ್ಟು ಮಂದಿಯಾದರೂ ನಾಯಿಯ ಬಾಯಿಗೆ ಏನಾದರೂ ಹಾಕದೆ ಎದ್ದು ಹೋಗುವುದಿಲ್ಲ. ತಮ್ಮ ತಟ್ಟೆಯ ಹೋಳಿಗೆಯ ಅಂಚು, ಲಾಡಿನಿಂದ ಬಿಡಿಸಿದ ಒಣದ್ರಾಕ್ಷಿ, ಉಡುಗೊರೆಯ ಡಬ್ಬಿಯ ಚಾಕೊಲೇಟು, ಹೀಗೆ ಕೈಗೆ ಸಿಕ್ಕಿದ್ದು ಪ್ರೀತಿಯಿಂದಲೇ ಮೇಜಿನ ಕೆಳಗೆ ಜಾರುತ್ತದೆ. ಕೊಡಬೇಡಿ ಎಂದು ಹತ್ತು ಸಲ ಹೇಳುವುದಕ್ಕಿಂತ, ಇದನ್ನು ಕೊಡಿ ಎಂದು ಒಂದು ಚಿಕ್ಕ ಬಟ್ಟಲನ್ನು ಅವರ ಮುಂದಿಡುವುದು ಹೆಚ್ಚು ಫಲಕಾರಿ ಎಂಬುದು ನಾನು ಕೆಲವು ವರ್ಷಗಳ ಪೇಚಾಟದ ನಂತರ ಕಂಡುಕೊಂಡ ಸಂಗತಿ. ಆದರೆ ಹಬ್ಬದ ದಿನವೇ ಆ ಬಟ್ಟಲನ್ನು ತುಂಬಲು ಅಡುಗೆಮನೆಯಲ್ಲಿ ಒಲೆಯೂ ಖಾಲಿ ಇರುವುದಿಲ್ಲ, ಕೈಯೂ ಖಾಲಿ ಇರುವುದಿಲ್ಲ. ಆದ್ದರಿಂದ ಎರಡು ಮೂರು ವಾರ ಮೊದಲೇ ಬೇಯಿಸಿ ಫ್ರೀಜರಿನಲ್ಲಿಟ್ಟುಕೊಳ್ಳುವ ಕ್ರಮವನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ. ದೀಪಾವಳಿಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದರೂ, ಗೃಹಪ್ರವೇಶಕ್ಕಾಗಲಿ, ನಾಯಿಯದೇ ಹುಟ್ಟುಹಬ್ಬಕ್ಕಾಗಲಿ ಇದೇ ಕ್ರಮ ಸಲ್ಲುತ್ತದೆ.

ಮೊದಲು ಲೆಕ್ಕ

ಹಿಟ್ಟಿಗೆ ಕೈಹಾಕುವ ಮೊದಲು ಎಷ್ಟು ಮಾಡಬೇಕೆಂಬುದನ್ನು ನಿರ್ಧರಿಸಬೇಕು. ನಾಯಿಯ ದಿನದ ಒಟ್ಟು ಕ್ಯಾಲೊರಿಯಲ್ಲಿ ಊಟದ ಹೊರತಾದ ತಿನಿಸುಗಳ ಪಾಲು ನೂರಕ್ಕೆ ಹತ್ತನ್ನು ಮೀರಬಾರದು ಎಂಬುದು ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಮಿತಿ. ನಾಯಿಯ ತೂಕದ 0.75ನೇ ಘಾತವನ್ನು 70ರಿಂದ ಗುಣಿಸಿದರೆ ವಿಶ್ರಾಂತಿಯಲ್ಲಿರುವ ದೇಹಕ್ಕೆ ಬೇಕಾದ ಶಕ್ತಿ ಸಿಗುತ್ತದೆ. ಸಂತಾನಹರಣ ಚಿಕಿತ್ಸೆಯಾದ ವಯಸ್ಕ ನಾಯಿಗೆ ಅದನ್ನು ಮತ್ತೆ 1.6ರಿಂದ ಗುಣಿಸುತ್ತಾರೆ. ಈ ಲೆಕ್ಕದ ಪ್ರಕಾರ 5 ಕಿಲೋ ತೂಗುವ ನಾಯಿಗೆ ದಿನಕ್ಕೆ ಸುಮಾರು 375 ಕ್ಯಾಲೊರಿ, 10 ಕಿಲೋದ ನಾಯಿಗೆ ಸುಮಾರು 630, 25 ಕಿಲೋದ ನಾಯಿಗೆ ಸುಮಾರು 1,250 ಕ್ಯಾಲೊರಿ ಬೇಕು. ತಿನಿಸಿನ ಪಾಲು ಕ್ರಮವಾಗಿ 37, 63 ಮತ್ತು 125 ಕ್ಯಾಲೊರಿ. ಇದು ಅಂದಾಜು ಮಾತ್ರ. ಇಡೀ ದಿನ ಸೋಫಾದ ಮೇಲೆ ಮಲಗುವ ನಾಯಿಗೂ ತೋಟ ಕಾಯುವ ನಾಯಿಗೂ ಒಂದೇ ಲೆಕ್ಕ ಒಪ್ಪುವುದಿಲ್ಲ. ಹಾಗೆಯೇ ಮುಧೋಳದಂಥ ಬೇಟೆ ತಳಿಗಳಿಗೆ ಪಕ್ಕೆಲುಬು ಕಾಣುವ ಮೈಕಟ್ಟು ಸಹಜವೇ ಆಗಿದ್ದರೂ, ಪಾಪ ಬಡಕಲಾಗಿದೆ ಎಂದು ಬಂದವರೆಲ್ಲ ಮರುಗಿ ತಿನ್ನಿಸುತ್ತಾರೆ. ಅಂಥ ಮನೆಯವರು ಈ ಮಿತಿಯನ್ನು ಇನ್ನಷ್ಟು ಬಿಗಿಯಾಗಿ ಪಾಲಿಸಬೇಕು.

ಈ ಲೆಕ್ಕದಿಂದ ತಿಳಿಯುವುದೇನೆಂದರೆ ತಿನಿಸು ಚಿಕ್ಕದಾಗಿರಬೇಕು. ಕೊಟ್ಟದ್ದು ಎಷ್ಟು ದೊಡ್ಡದೆಂಬುದಕ್ಕಿಂತ ಎಷ್ಟು ಸಲ ಕೊಟ್ಟರೆಂಬುದೇ ನಾಯಿಗೆ ಮುಖ್ಯ. ಹನ್ನೆರಡು ಮಂದಿ ನೆಂಟರು ಬರುವ ಮನೆಯಲ್ಲಿ ತಲಾ ಒಂದರಂತೆ ಕೊಟ್ಟರೂ ಹನ್ನೆರಡು ತುಂಡುಗಳಾಗುತ್ತವೆ, ಆದ್ದರಿಂದ ಸಣ್ಣ ನಾಯಿಗೆ ಅವರೆಕಾಳಿನ ಗಾತ್ರ, ದೊಡ್ಡದಕ್ಕೆ ಹೆಬ್ಬೆರಳಿನ ಉಗುರಿನ ಗಾತ್ರ ಸಾಕು.

ಹಿಟ್ಟಿಗೆ ಸೇರಬಾರದವು

ಒಣದ್ರಾಕ್ಷಿ ಮತ್ತು ಹಸಿದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲವು, ಮತ್ತು ಎಷ್ಟು ತಿಂದರೆ ಅಪಾಯವೆಂಬ ನಿಶ್ಚಿತ ಪ್ರಮಾಣವಿಲ್ಲ. ಒಂದು ನಾಯಿ ದಕ್ಕಿಸಿಕೊಂಡದ್ದು ಇನ್ನೊಂದಕ್ಕೆ ಮಾರಕವಾಗಬಹುದು. ಚಾಕೊಲೇಟಿನ ಥಿಯೋಬ್ರೊಮಿನ್ ಅಂಶವನ್ನು ನಾಯಿಯ ದೇಹ ಬಹಳ ನಿಧಾನವಾಗಿ ಕರಗಿಸುವುದರಿಂದ ಅದು ಹೃದಯವನ್ನೂ ನರಮಂಡಲವನ್ನೂ ಕಾಡುತ್ತದೆ; ಬಣ್ಣ ಕಪ್ಪಾದಷ್ಟೂ ಚಾಕೊಲೇಟು ಹೆಚ್ಚು ಅಪಾಯಕಾರಿ. ಈರುಳ್ಳಿ, ಬೆಳ್ಳುಳ್ಳಿ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಅವುಗಳ ದೋಷ ಹೋಗುವುದಿಲ್ಲ. ಪುಡಿಯ ರೂಪದಲ್ಲಿ ದೋಷ ಇನ್ನೂ ಸಾಂದ್ರವಾಗಿರುತ್ತದೆ. ಹೋಳಿಗೆಯ ಹೂರಣಕ್ಕೆ ಹಾಕುವ ಜಾಯಿಕಾಯಿ, ಮೆಕಡೇಮಿಯ ಬೀಜ, ಯೀಸ್ಟ್ ಹಾಕಿ ಉಬ್ಬಿಸಿದ ಹಸಿ ಹಿಟ್ಟು, ಇವೂ ಬೇಡದವುಗಳ ಸಾಲಿಗೇ ಸೇರುತ್ತವೆ. ಹಸಿ ಯೀಸ್ಟ್ ಹಿಟ್ಟು ಹೊಟ್ಟೆಯ ಬಿಸಿಗೆ ಉಬ್ಬುವುದಲ್ಲದೆ ಹುಳಿತು ಆಲ್ಕೊಹಾಲ್ ಆಗುತ್ತದೆ.

ಝೈಲಿಟಾಲ್ ಎಂಬ ಸಕ್ಕರೆಯ ಬದಲಿ ಪದಾರ್ಥದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಸಕ್ಕರೆರಹಿತ ಎಂದು ಮಾರುವ ಚ್ಯೂಯಿಂಗ್ ಗಮ್, ಕೆಲವು ಬಿಸ್ಕತ್ತುಗಳು, ಕೆಲವು ಕಡಲೆಕಾಯಿ ಬೆಣ್ಣೆಗಳಲ್ಲಿ ಇದಿರುತ್ತದೆ. ನಾಯಿಯ ರಕ್ತದ ಸಕ್ಕರೆಯನ್ನು ಇದು ಅರ್ಧ ಗಂಟೆಯಲ್ಲೇ ಕುಸಿಯುವಂತೆ ಮಾಡಬಲ್ಲದು, ಯಕೃತ್ತನ್ನೂ ಹಾಳುಮಾಡಬಲ್ಲದು. ಪೊಟ್ಟಣದ ಮೇಲೆ ಹೆಸರಿನ ಬದಲು 967 ಎಂಬ ಸಂಖ್ಯೆ ಮಾತ್ರ ಇರುವುದುಂಟು, ಬರ್ಚ್ ಶುಗರ್ ಎಂಬ ಮುದ್ದಾದ ಹೆಸರೂ ಇರುವುದುಂಟು. ಇದೇ ಕಾರಣದಿಂದ ನಾನು ಅಂಗಡಿಯ ಕಡಲೆಕಾಯಿ ಬೆಣ್ಣೆಯನ್ನು ನಾಯಿಗಾಗಿ ಕೊಳ್ಳುವುದಿಲ್ಲ. ಶೇಂಗಾವನ್ನು ಹುರಿದು, ಸಿಪ್ಪೆ ತೆಗೆದು, ಮಿಕ್ಸಿಯಲ್ಲಿ ಎಣ್ಣೆ ಬಿಡುವವರೆಗೆ ಅರೆದರೆ ಉಪ್ಪು ಸಕ್ಕರೆ ಏನೂ ಇಲ್ಲದ ಬೆಣ್ಣೆ ಹತ್ತು ನಿಮಿಷದಲ್ಲಿ ಸಿದ್ಧವಾಗುತ್ತದೆ. ಸುಕ್ಕಾದ, ಬಣ್ಣಗೆಟ್ಟ, ಮುಗ್ಗಲು ವಾಸನೆಯ ಬೀಜಗಳನ್ನು ಮಾತ್ರ ಮೊದಲೇ ಆರಿಸಿ ಎಸೆಯಬೇಕು, ಏಕೆಂದರೆ ಶೇಂಗಾದ ಬೂಷ್ಟಿನಲ್ಲಿರುವ ವಿಷ ಹುರಿದರೂ ಪೂರ್ತಿ ನಾಶವಾಗುವುದಿಲ್ಲ.

ಉಪ್ಪು, ಸಕ್ಕರೆ, ಬೆಲ್ಲ ನಾಯಿಯ ತಿನಿಸಿಗೆ ಬೇಕಾಗಿಯೇ ಇಲ್ಲ. ತುಪ್ಪ ಸುರಿಯುವುದೂ ಬೇಡ. ಹೆಚ್ಚಿನ ಕೊಬ್ಬು ಕೆಲವು ನಾಯಿಗಳಲ್ಲಿ ಮೇದೋಜ್ಜೀರಕ ಗ್ರಂಥಿಯ ಉರಿಯೂತಕ್ಕೆ ಕಾರಣವಾಗುತ್ತದೆ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಅಥವಾ ಈ ಗ್ರಂಥಿಯ ತೊಂದರೆ ಇರುವ ನಾಯಿಗೆ ಕೆಳಗಿನ ಯಾವ ತಿನಿಸನ್ನೂ ವೈದ್ಯರನ್ನು ಕೇಳದೆ ಕೊಡಬಾರದು.

ರಾಗಿ ಮತ್ತು ಗೆಣಸಿನ ಬಿಸ್ಕತ್ತು

ಫ್ರೀಜರಿಗೆ ಅತ್ಯಂತ ಒಗ್ಗುವ ತಿನಿಸು ಇದು, ಏಕೆಂದರೆ ಇದರಲ್ಲಿ ನೀರಿನಂಶ ಕಡಿಮೆ. 150 ಗ್ರಾಂ ರಾಗಿ ಹಿಟ್ಟು, 100 ಗ್ರಾಂ ಗೋಧಿ ಹಿಟ್ಟು, ಬೇಯಿಸಿ ಸಿಪ್ಪೆ ಸುಲಿದು ನಾದಿದ 150 ಗ್ರಾಂ ಸಿಹಿಗೆಣಸು, ಒಂದು ಮೊಟ್ಟೆ, ಒಂದು ದೊಡ್ಡ ಚಮಚ ತೆಂಗಿನೆಣ್ಣೆ ಇಷ್ಟೇ ಸಾಮಗ್ರಿ. ಬರೀ ರಾಗಿಯಲ್ಲಿ ಅಂಟಿನ ಗುಣವಿಲ್ಲದ ಕಾರಣ ಬಿಸ್ಕತ್ತು ಪುಡಿಪುಡಿಯಾಗುತ್ತದೆ. ಗೋಧಿ ಅದನ್ನು ಹಿಡಿದಿಡುತ್ತದೆ. ಗೋಧಿ ಒಗ್ಗದ ನಾಯಿಗಳೂ ಇವೆ. ಅವುಗಳಿಗೆ ಅಕ್ಕಿ ಹಿಟ್ಟು ಬಳಸಿ, ಗೆಣಸನ್ನು ತುಸು ಹೆಚ್ಚಿಸಬೇಕು, ಬಿಸ್ಕತ್ತನ್ನು ತುಸು ದಪ್ಪವಾಗಿ ಲಟ್ಟಿಸಬೇಕು.

ಗೆಣಸನ್ನು ನೀರಿನಲ್ಲಿ ಮುಳುಗಿಸಿ ಕುದಿಸುವುದರ ಬದಲು ಹಬೆಯಲ್ಲಿ ಬೇಯಿಸುವುದು ಮೇಲು. ನೀರು ಕುಡಿದ ಗೆಣಸು ಹಿಟ್ಟನ್ನು ಸಡಿಲಗೊಳಿಸುತ್ತದೆ, ಸಡಿಲಾಯಿತೆಂದು ಇನ್ನಷ್ಟು ಹಿಟ್ಟು ಸೇರಿಸುತ್ತೇವೆ, ಕೊನೆಗೆ ಅಳತೆಯೇ ತಪ್ಪುತ್ತದೆ. ಎಲ್ಲವನ್ನೂ ಸೇರಿಸಿ ಕಲಸಿದ ಹಿಟ್ಟು ಚಪಾತಿಯ ಹದಕ್ಕಿಂತ ಗಟ್ಟಿಯಾಗಿ, ಪೂರಿಯ ಹದಕ್ಕೆ ಬರಬೇಕು. ನೀರು ಬೇಕೆನಿಸಿದರೆ ಒಂದೊಂದೇ ಚಮಚ ಚಿಮುಕಿಸಿ. ಇಪ್ಪತ್ತು ನಿಮಿಷ ಮುಚ್ಚಿಟ್ಟರೆ ರಾಗಿ ತೇವವನ್ನು ಹೀರಿಕೊಂಡು ಹಿಟ್ಟು ಲಟ್ಟಿಸಲು ಬರುತ್ತದೆ. ಈ ಹೊತ್ತನ್ನು ಉಳಿಸಲು ಹೋದರೆ ಅಂಚುಗಳು ಬಿರಿಯುತ್ತವೆ.

ಬಟರ್ ಪೇಪರಿನ ಎರಡು ಹಾಳೆಗಳ ನಡುವೆ ಇಟ್ಟು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ. ಮೂಳೆಯ ಆಕಾರದ ಅಚ್ಚುಗಳು ನೋಡಲು ಚಂದವೇನೋ ಹೌದು, ಆದರೆ ಉಳಿದ ಚೂರುಗಳನ್ನು ಮತ್ತೆ ಮತ್ತೆ ಲಟ್ಟಿಸುವ ಕೆಲಸ ಮುಗಿಯುವುದಿಲ್ಲ. ಶಂಕರಪೋಳಿಗೆ ಕೊಯ್ಯುವಂತೆ ಓರೆ ಗೆರೆಗಳಲ್ಲಿ ಕೊಯ್ದರೆ ಐದೇ ನಿಮಿಷದಲ್ಲಿ ಒಂದೇ ಅಳತೆಯ ಸುಮಾರು 80 ತುಂಡುಗಳಾಗುತ್ತವೆ, ಚೂರೂ ದಂಡವಾಗುವುದಿಲ್ಲ. ಹುಟ್ಟುಹಬ್ಬದ ಚಿತ್ರಕ್ಕೆ ಬೇಕೇ ಬೇಕೆಂದರೆ ಹತ್ತು ತುಂಡುಗಳನ್ನು ಅಚ್ಚಿನಲ್ಲಿ ಒತ್ತಿಕೊಳ್ಳಬಹುದು. ಈ ಅಳತೆಯಲ್ಲಿ ಒಂದು ತುಂಡಿಗೆ ಹೆಚ್ಚುಕಡಿಮೆ 14 ಕ್ಯಾಲೊರಿ ಬರುತ್ತದೆ, ಅಂದರೆ 10 ಕಿಲೋ ತೂಗುವ ನಾಯಿಗೆ ದಿನಕ್ಕೆ ನಾಲ್ಕು.

ಓಟಿಜಿಯನ್ನು (ಮೇಜಿನ ಮೇಲಿಡುವ ಪುಟ್ಟ ವಿದ್ಯುತ್ ಓವನ್), ಅಥವಾ ಕನ್ವೆಕ್ಷನ್, ಅಂದರೆ ಬಿಸಿಗಾಳಿಯಿಂದ ಬೇಯಿಸುವ ಸೌಕರ್ಯ, ಇರುವ ಮೈಕ್ರೋವೇವನ್ನು, 160 ಡಿಗ್ರಿ ಸೆಲ್ಸಿಯಸ್‌ಗೆ ಮೊದಲೇ ಬಿಸಿಮಾಡಿಕೊಂಡು ತುಂಡುಗಳನ್ನು ಒಂದಕ್ಕೊಂದು ತಾಗದಂತೆ ಹರಡಿ 25 ನಿಮಿಷ ಬೇಯಿಸಿ, ತಿರುವಿ ಹಾಕಿ ಮತ್ತೆ 10ರಿಂದ 15 ನಿಮಿಷ ಬಿಡಿ. ಇಲ್ಲಿ ಒಂದು ತೊಡಕಿದೆ. ಮೈದಾದ ಬಿಸ್ಕತ್ತು ಬೆಂದದ್ದನ್ನು ಬಣ್ಣ ಹೇಳುತ್ತದೆ, ರಾಗಿ ಮಾತ್ರ ಹಸಿಯಿರುವಾಗಲೇ ಕಂದು. ಆದ್ದರಿಂದ ಕಣ್ಣನ್ನು ನಂಬದೆ ಮೂಗನ್ನೂ ಬೆರಳನ್ನೂ ನಂಬಬೇಕು. ರಾಗಿ ಹುರಿದ ಘಮ ಬಂದು, ತುಂಡಿನ ಅಂಚು ಗಟ್ಟಿಯಾಗಿ, ನಡುವೆ ಒತ್ತಿದರೆ ತಗ್ಗದೆ ಇದ್ದರೆ ಬೆಂದಿದೆ ಎಂದರ್ಥ. ಸುಟ್ಟ ವಾಸನೆ ಬಂದಾಗ ನೋಡಿದರೆ ಹೊತ್ತು ಮೀರಿರುತ್ತದೆ. ಓಟಿಜಿಯ ತಿರುಗುಗುಂಡಿಯ ಮೇಲಿನ ಸಂಖ್ಯೆ ನಿಜವಾದ ಶಾಖಕ್ಕಿಂತ ಹತ್ತಿಪ್ಪತ್ತು ಡಿಗ್ರಿ ಹೆಚ್ಚು ಕಡಿಮೆ ಇರುವುದು ಅಪರೂಪವಲ್ಲ. ಮೊದಲ ಸಲ ನಾಲ್ಕೇ ತುಂಡು ಹಾಕಿ ಪರೀಕ್ಷಿಸಿ.

ಬೆಂದ ನಂತರ ಒಲೆ ಆರಿಸಿ, ಬಾಗಿಲನ್ನು ಮರದ ಸೌಟಿನಷ್ಟು ತೆರೆದಿಟ್ಟು, ಬಿಸ್ಕತ್ತುಗಳನ್ನು ಒಳಗೇ ಒಂದು ಗಂಟೆ ಬಿಡಿ. ಉಳಿದ ತೇವ ಇಲ್ಲಿ ಹೋಗುತ್ತದೆ. ಆದರೂ ಕಲ್ಲಿನಂತೆ ಒಣಗಿಸಬೇಡಿ, ಕೈಯಲ್ಲಿ ಮುರಿದರೆ ಟಕ್ ಎಂದು ಮುರಿಯಬೇಕು. ಕೈಯಲ್ಲಿ ಮುರಿಯಲಾಗದ್ದು ವಯಸ್ಸಾದ ನಾಯಿಯ ಹಲ್ಲನ್ನೇ ಮುರಿಯಬಹುದು.

ಓವನ್ ಇಲ್ಲದವರು ದಪ್ಪ ತಳದ ತವಾದ ಮೇಲೆ, ಸಣ್ಣ ಉರಿಯಲ್ಲಿ, ಮುಚ್ಚಳ ಮುಚ್ಚಿ, ಎರಡೂ ಬದಿ ಹನ್ನೆರಡು ಹದಿನೈದು ನಿಮಿಷ ಬೇಯಿಸಬಹುದು. ರುಚಿಯಲ್ಲಿ ನಾಯಿ ವ್ಯತ್ಯಾಸ ಹೇಳಲಾರದು, ಆದರೆ ಒಳಗೆ ತೇವ ಹೆಚ್ಚು ಉಳಿಯುವುದರಿಂದ ಇವನ್ನು ಡಬ್ಬಿಯಲ್ಲಿ ಹೊರಗಿಡದೆ ಆರಿದ ಕೂಡಲೇ ಫ್ರೀಜರಿಗೆ ಸೇರಿಸಬೇಕು.

ಇಡ್ಲಿ ತಟ್ಟೆಯ ಕುಂಬಳಕಾಯಿ ಕೇಕ್

ಹುಟ್ಟುಹಬ್ಬಕ್ಕೆ ಕೇಕು ಬೇಕೆನ್ನುವವರಿಗೆ ಇದು ಸುಲಭದ ದಾರಿ. 200 ಗ್ರಾಂ ಸಿಹಿ ಕುಂಬಳಕಾಯಿಯನ್ನು ಬೇಯಿಸಿ ನುರಿದು, 100 ಗ್ರಾಂ ಓಟ್ಸ್ ಪುಡಿ, ಎರಡು ಮೊಟ್ಟೆ, ಮೂರು ಚಮಚ ಮೊಸರು ಸೇರಿಸಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ. ಎಣ್ಣೆ ಸವರಿದ ಇಡ್ಲಿ ತಟ್ಟೆಗೆ ಹಾಕಿ 15ರಿಂದ 18 ನಿಮಿಷ ಹಬೆಯಲ್ಲಿ ಬೇಯಿಸಿ. ನಡುವೆ ಚಾಕುವಿನ ತುದಿ ಚುಚ್ಚಿದರೆ ಹಿಟ್ಟು ಅಂಟಬಾರದು. ಸೋಡ ಹಾಕುವುದಿಲ್ಲವಾದ್ದರಿಂದ ಇಡ್ಲಿಯಂತೆ ಉಬ್ಬದೆ ತುಸು ಗಟ್ಟಿಯಾಗಿಯೇ ಇರುತ್ತದೆ, ಅದರಿಂದ ಯಾವ ನಾಯಿಯೂ ಬೇಸರಪಟ್ಟದ್ದನ್ನು ನಾನು ಕಂಡಿಲ್ಲ. ಎಂಟು ಕೇಕುಗಳಾಗುತ್ತವೆ, ಒಂದಕ್ಕೆ ಸುಮಾರು 75 ಕ್ಯಾಲೊರಿ. ಅಂದರೆ 10 ಕಿಲೋದ ನಾಯಿಗೆ ಒಂದು ಪೂರ್ತಿ ಕೇಕು ಕೊಟ್ಟರೆ ಆ ದಿನದ ಮಿತಿ ಆಗಲೇ ದಾಟಿರುತ್ತದೆ. ಅರ್ಧ ಕೇಕು, ಒಂದು ಬಿಸ್ಕತ್ತು ಎಂದು ಹೊಂದಿಸಿಕೊಳ್ಳಿ.

ಮೇಲಿನ ಅಲಂಕಾರವನ್ನು ಫ್ರೀಜ್ ಮಾಡುವ ಮೊದಲು ಹಚ್ಚಬೇಡಿ. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರಿಗೆ ಬೇಯಿಸಿದ ಬೀಟ್‌ರೂಟಿನ ಒಂದು ಚಮಚ ರಸ ಬೆರೆಸಿದರೆ ಗುಲಾಬಿ ಬಣ್ಣದ ಕ್ರೀಮು ಸಿದ್ಧ. ಅದನ್ನು ಕೊಡುವ ದಿನವೇ ಹಚ್ಚಬೇಕು.

ಕೋಳಿ ಖೀಮಾ ಉಂಡೆ

ಗಮನ ಬೇರೆಡೆಗೆ ಸೆಳೆಯಬೇಕಾದಾಗ, ಅಂದರೆ ಪಟಾಕಿಯ ಸದ್ದಿನ ಹೊತ್ತಿನಲ್ಲಿ, ಬಿಸ್ಕತ್ತಿಗಿಂತ ಮಾಂಸದ ಪರಿಮಳವೇ ಗೆಲ್ಲುತ್ತದೆ. ಮೂಳೆಯಿಲ್ಲದ 250 ಗ್ರಾಂ ಕೋಳಿ ಖೀಮಾ, ತುರಿದ ಅರ್ಧ ಕ್ಯಾರೆಟ್, 50 ಗ್ರಾಂ ಓಟ್ಸ್ ಪುಡಿ, ಒಂದು ಮೊಟ್ಟೆ ಕಲಸಿ, ಗೋಲಿಯ ಗಾತ್ರದ ಉಂಡೆ ಮಾಡಿ 180 ಡಿಗ್ರಿಯಲ್ಲಿ ಸುಮಾರು 20 ನಿಮಿಷ ಬೇಯಿಸಿ. ಉಂಡೆಯ ನಡುವಿನ ಶಾಖ 74 ಡಿಗ್ರಿ ಮುಟ್ಟಬೇಕು. ಅಳೆಯುವ ಸಾಧನವಿಲ್ಲದಿದ್ದರೆ ಅತ್ಯಂತ ದಪ್ಪದ ಉಂಡೆಯನ್ನೇ ಒಡೆದು, ಒಳಗೆ ಗುಲಾಬಿ ಬಣ್ಣ ಉಳಿದಿಲ್ಲವೆಂದೂ ಸ್ರವಿಸುವ ರಸ ತಿಳಿಯಾಗಿದೆಯೆಂದೂ ನೋಡಿ. ಓವನ್ ಬದಲು ಹಬೆಯಲ್ಲೂ ಬೇಯಿಸಬಹುದು. ಖೀಮಾ ಕಲಸಿದ ಕೈ, ಪಾತ್ರೆ, ಮಣೆ ಎಲ್ಲವನ್ನೂ ಸೋಪಿನಿಂದ ತೊಳೆದ ಮೇಲಷ್ಟೇ ಬೇರೆ ಕೆಲಸ. ಕೋಳಿ ಮಾಂಸ, ಹಾಲಿನ ಪದಾರ್ಥ ಮತ್ತು ಗೋಧಿ ನಾಯಿಗಳಿಗೆ ಅಲರ್ಜಿ ತರುವ ಆಹಾರಗಳಲ್ಲಿ ಸಾಮಾನ್ಯವಾದವು, ಹಾಗಾಗಿ ಬೇರೆ ಮನೆಯ ನಾಯಿಗಳಿಗೆ ಹಂಚುವುದಾದರೆ ಪೊಟ್ಟಣದ ಮೇಲೆ ಸಾಮಗ್ರಿಗಳನ್ನು ಬರೆದೇ ಕೊಡಬೇಕು.

ಆರಿಸುವುದು, ಬಿಡಿಯಾಗಿ ಹೆಪ್ಪುಗಟ್ಟಿಸುವುದು

ಇಡೀ ಕೆಲಸ ಕೆಡುವುದು ಸಾಮಾನ್ಯವಾಗಿ ಒಲೆಯ ಮೇಲಲ್ಲ, ಇಲ್ಲಿ. ನಾನು ಮೊದಲ ಸಲ ಬೆಚ್ಚಗಿನ ಬಿಸ್ಕತ್ತುಗಳನ್ನೇ ಕವರಿಗೆ ತುಂಬಿ ಫ್ರೀಜರಿಗಿಟ್ಟಿದ್ದೆ. ಒಳಗಿನ ಹಬೆ ನೀರಾಗಿ, ನೀರು ಮಂಜಾಗಿ, ಹಬ್ಬದ ದಿನ ತೆಗೆದಾಗ 80 ಬಿಸ್ಕತ್ತುಗಳ ಬದಲು ಒಂದೇ ಒಂದು ಇಟ್ಟಿಗೆ ಕೈಗೆ ಬಂತು. ಆದ್ದರಿಂದ ಬೆಂದದ್ದನ್ನು ಜಾಲರಿಯ ಮೇಲೆ, ಕೆಳಗಿನಿಂದಲೂ ಗಾಳಿಯಾಡುವಂತೆ ಹರಡಿ ಪೂರ್ತಿ ಆರಿಸಬೇಕು. ಬಿಸ್ಕತ್ತಿಗೆ ಎರಡು ಗಂಟೆ ಬೇಕು. ಕೋಳಿ ಉಂಡೆಗಳನ್ನು ಮಾತ್ರ ಅಷ್ಟು ಹೊತ್ತು ಹೊರಗಿಡುವಂತಿಲ್ಲ. 5ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾ ವೇಗವಾಗಿ ಹೆಚ್ಚುವುದರಿಂದ, ಫ್ಯಾನಿನ ಕೆಳಗೆ ಅರ್ಧ ಗಂಟೆ ಆರಿಸಿ ಫ್ರಿಜ್ಜಿಗೆ ಸೇರಿಸಿ, ತಣ್ಣಗಾದ ಮೇಲೆ ಫ್ರೀಜರಿಗೆ ವರ್ಗಾಯಿಸಿ.

ಆರಿದ ತುಂಡುಗಳನ್ನು ಸ್ಟೀಲ್ ತಟ್ಟೆಯಲ್ಲಿ ಒಂದೇ ಪದರದಲ್ಲಿ ಹರಡಿ, ಮುಚ್ಚದೆ, ಒಂದೆರಡು ಗಂಟೆ ಫ್ರೀಜರಿನಲ್ಲಿಡಿ. ಲೋಹದ ತಟ್ಟೆ ಶಾಖವನ್ನು ಬೇಗ ಸೆಳೆಯುತ್ತದೆ, ಮತ್ತು ಬೇಗ ಹೆಪ್ಪುಗಟ್ಟಿದಷ್ಟೂ ಒಳಗಿನ ಮಂಜಿನ ಹರಳುಗಳು ಸಣ್ಣವಾಗಿರುತ್ತವೆ. ದೊಡ್ಡ ಹರಳುಗಳು ಕೇಕಿನ ಒಳರಚನೆಯನ್ನು ಹರಿದು, ಕರಗಿದಾಗ ಮೆತ್ತಗೆ ಮಾಡುತ್ತವೆ. ಒಂದೊಂದೂ ಪ್ರತ್ಯೇಕವಾಗಿ ಗಟ್ಟಿಯಾದ ಮೇಲೆ ಜಿಪ್ ಲಾಕ್ ಕವರಿಗೆ ತುಂಬಿದರೆ, ಬೇಕಾದಾಗ ಬೇಕಾದಷ್ಟೇ ತೆಗೆಯಬಹುದು.

ಕವರಿನ ಗಾಳಿ ತೆಗೆಯಲು ಯಂತ್ರ ಬೇಕಿಲ್ಲ. ಬಾಯಿಯನ್ನು ತುಸು ತೆರೆದಿಟ್ಟು, ಉಳಿದ ಭಾಗವನ್ನು ನೀರಿರುವ ಪಾತ್ರೆಗೆ ಮೆಲ್ಲನೆ ಇಳಿಸಿದರೆ ನೀರಿನ ಒತ್ತಡವೇ ಗಾಳಿಯನ್ನು ಹೊರದಬ್ಬುತ್ತದೆ. ಆಗ ಬಾಯಿ ಮುಚ್ಚಿ ಒರೆಸಿ. ಉಳಿದ ಗಾಳಿ ತಿನಿಸಿನ ತೇವವನ್ನು ಹೀರಿ, ಮೇಲ್ಮೈಯಲ್ಲಿ ಬಿಳಿಚಿಕೊಂಡ ಒಣ ಕಲೆಗಳನ್ನು ಮಾಡುತ್ತದೆ. ಅಂಥದ್ದು ವಿಷವಲ್ಲ, ಆದರೆ ರುಚಿಗೆಟ್ಟಿರುತ್ತದೆ. ಮೀನು ಇಡುವ ಫ್ರೀಜರಾದರೆ ಎರಡು ಕವರು ಹಾಕಿ. ಒಂದೊಂದು ಕವರಿಗೂ ಒಂದು ದಿನಕ್ಕೆ ಬೇಕಾದಷ್ಟನ್ನೇ ತುಂಬಿ, ಏನು, ಎಷ್ಟು, ಯಾವ ದಿನ ಮಾಡಿದ್ದು ಎಂಬುದನ್ನು ಬರೆದು ಅಂಟಿಸಿ, ದೊಡ್ಡ ಅಕ್ಷರದಲ್ಲಿ ‘ನಾಯಿಗೆ’ ಎಂದೂ ಬರೆಯಿರಿ. ಈ ಪದವಿಲ್ಲದ ಒಂದು ಡಬ್ಬಿಯಿಂದ ನಮ್ಮ ದೊಡ್ಡಪ್ಪ ಚಹಾದೊಡನೆ ಆರು ಬಿಸ್ಕತ್ತು ತಿಂದು, ಆರೋಗ್ಯಕ್ಕೇನೋ ಒಳ್ಳೆಯದೇ ಇರಬಹುದು, ಆದರೆ ಉಪ್ಪೇ ಇಲ್ಲವಲ್ಲ ಎಂದಿದ್ದರು.

ಎಷ್ಟು ದಿನ, ಯಾವ ಫ್ರೀಜರಿನಲ್ಲಿ

ಮೈನಸ್ 18 ಡಿಗ್ರಿಯನ್ನು ಬಿಡದೆ ಕಾಯುವ ಫ್ರೀಜರಿನಲ್ಲಿ ರಾಗಿ ಬಿಸ್ಕತ್ತು ಮೂರು ತಿಂಗಳು, ಕುಂಬಳಕಾಯಿ ಕೇಕು ಮತ್ತು ಕೋಳಿ ಉಂಡೆ ಎರಡು ತಿಂಗಳು ರುಚಿ ಕೆಡದೆ ಇರುತ್ತವೆ. ಆದರೆ ಒಂದೇ ಬಾಗಿಲಿನ ಫ್ರಿಜ್ಜಿನ ಒಳಗಿರುವ ಪುಟ್ಟ ಮಂಜಿನ ಗೂಡು ಅಷ್ಟು ತಣ್ಣಗಾಗದೆ ಇರಬಹುದು, ಬಾಗಿಲು ತೆರೆದಾಗಲೆಲ್ಲ ಅದರ ಶಾಖ ಏರಿಳಿಯುತ್ತದೆ. ಅಂಥ ಮನೆಯಲ್ಲಿ ಎರಡು ವಾರಕ್ಕಿಂತ ಮೊದಲು ಮಾಡಿಡುವುದು ಬೇಡ, ಕೋಳಿ ಉಂಡೆಯನ್ನಂತೂ ಹಬ್ಬದ ವಾರದಲ್ಲೇ ಮಾಡಿ. ಮಂಜು ಕಟ್ಟದ ಬಗೆಯ ಫ್ರಿಜ್ಜುಗಳು ಆಗಾಗ ತಾವೇ ತುಸು ಬೆಚ್ಚಗಾಗಿ ಮಂಜು ಕರಗಿಸಿಕೊಳ್ಳುತ್ತವೆ; ಆ ಏರಿಳಿತ ತಾಗದಂತೆ ಕವರುಗಳನ್ನು ಬಾಗಿಲ ಬಳಿ ಇಡದೆ ಹಿಂಬದಿಗೆ ಒತ್ತಿಡಿ. ಫ್ರೀಜರು ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ ಅಷ್ಟೆ. ಒಳಗೆ ಹೋಗುವಾಗಲೇ ಹಳಸಿದ್ದು ಹೊರಬರುವಾಗಲೂ ಹಳಸಿಯೇ ಇರುತ್ತದೆ.

ಕರೆಂಟು ಹೋಗುವ ಊರಿನವರಿಗೆ ಒಂದು ಉಪಾಯವಿದೆ. ಲೋಟದಲ್ಲಿ ನೀರನ್ನು ಹೆಪ್ಪುಗಟ್ಟಿಸಿ, ಮೇಲೊಂದು ನಾಣ್ಯವಿಟ್ಟು ಫ್ರೀಜರಿನಲ್ಲೇ ಬಿಡಿ. ನೀವು ಊರಲ್ಲಿಲ್ಲದಾಗ ಮಂಜು ಕರಗಿ ಮತ್ತೆ ಗಟ್ಟಿಯಾಗಿದ್ದರೆ ನಾಣ್ಯ ಮಂಜಿನೊಳಗೆ ಇಳಿದಿರುತ್ತದೆ. ನಾಣ್ಯ ತಳ ಸೇರಿದ್ದರೆ ಕೋಳಿ ಉಂಡೆಗಳನ್ನು ಯೋಚಿಸದೆ ಎಸೆಯಿರಿ.

ಬಿಸ್ಕತ್ತನ್ನು ಡಬ್ಬಿಯಲ್ಲೇ ಹೊರಗಿಡಬಾರದೇ ಎಂದು ಕೇಳುವವರುಂಟು. ಬಯಲುಸೀಮೆಯ ಒಣ ಹವೆಯಲ್ಲಿ ಚೆನ್ನಾಗಿ ಒಣಗಿದ ಬಿಸ್ಕತ್ತು ಒಂದು ವಾರ ಇದ್ದೀತು. ಕರಾವಳಿಯಲ್ಲೋ ಮಲೆನಾಡಿನಲ್ಲೋ ಮಳೆಗಾಲದಲ್ಲಿ ಮೂರು ದಿನಕ್ಕೇ ಬೂಷ್ಟು ಹಿಡಿಯಬಹುದು. ಬೂಷ್ಟನ್ನು ಕೆರೆದು ಉಳಿದದ್ದನ್ನು ನಾಯಿಗೆ ಹಾಕುವ ರೂಢಿ ನಮ್ಮಲ್ಲಿ ಇದೆ. ಕೆಲವು ಬೂಷ್ಟುಗಳ ವಿಷ ನಾಯಿಗೆ ನಡುಕ, ಸೆಳವು ತರುವುದರಿಂದ ಅದನ್ನು ಬಿಡಲೇಬೇಕು.

ಪಟಾಕಿಯ ರಾತ್ರಿಗೆ ನೆಕ್ಕುವ ತಿನಿಸು

ಇದಕ್ಕೆ ಒಲೆಯೇ ಬೇಡ. ಒಳಗೆ ಟೊಳ್ಳಿರುವ ಗಟ್ಟಿ ರಬ್ಬರಿನ ಆಟಿಕೆಯ ತಳದಲ್ಲಿ ಒಂದು ಕೋಳಿ ಉಂಡೆ ಇಟ್ಟು, ಮೇಲೆ ಗಟ್ಟಿ ಮೊಸರು ಮತ್ತು ನುರಿದ ಬಾಳೆಹಣ್ಣಿನ ಮಿಶ್ರಣ ತುಂಬಿ, ನೆಟ್ಟಗೆ ಒಂದು ಲೋಟದಲ್ಲಿ ನಿಲ್ಲಿಸಿ ರಾತ್ರಿಯಿಡೀ ಫ್ರೀಜರಿನಲ್ಲಿಡಿ. ನಾಯಿ ಇದನ್ನು ನೆಕ್ಕಿ ನೆಕ್ಕಿ ಖಾಲಿಮಾಡಲು ಬಹಳ ಹೊತ್ತು ಹಿಡಿಯುತ್ತದೆ, ಮತ್ತು ನೆಕ್ಕುವ ಕೆಲಸವೇ ಅದನ್ನು ಶಾಂತಗೊಳಿಸುತ್ತದೆ. ಹಾಲು ಜೀರ್ಣವಾಗದ ನಾಯಿಗೂ ಲ್ಯಾಕ್ಟೋಸ್ ಕಡಿಮೆಯಿರುವ ಮೊಸರು ಸಾಮಾನ್ಯವಾಗಿ ಒಗ್ಗುತ್ತದೆ. ಒಗ್ಗದಿದ್ದರೆ ಕುಂಬಳಕಾಯಿಯ ಹದವಾದ ಗೊಜ್ಜು ತುಂಬಿ, ಉಪ್ಪು ಒಗ್ಗರಣೆ ಏನೂ ಇಲ್ಲದೆ. ಇದೇ ಮಿಶ್ರಣವನ್ನು ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ ತಟ್ಟೆಗೆ ಹಾಕಬಹುದು, ಆದರೆ ಇಡಿಯಾಗಿ ನುಂಗುವ ನಾಯಿಗೆ ಗಟ್ಟಿ ಘನವನ್ನು ಹಾಗೆಯೇ ಕೊಡಬೇಡಿ. ಮೊಸರಿನ ತಿನಿಸುಗಳು ಫ್ರೀಜರಿನಲ್ಲಿ ಒಂದು ತಿಂಗಳು ಸರಿಯಾಗಿರುತ್ತವೆ.

2018ರಲ್ಲಿ ಸುಪ್ರೀಂ ಕೋರ್ಟ್ ದೀಪಾವಳಿಯ ಪಟಾಕಿಗೆ ರಾತ್ರಿ 8ರಿಂದ 10ರ ಅವಧಿಯನ್ನು ನಿಗದಿಪಡಿಸಿತ್ತಾದರೂ, ಬೀದಿಯ ಸದ್ದು ಗಡಿಯಾರ ನೋಡಿ ಶುರುವಾಗುವುದಿಲ್ಲ. ಸಂಜೆ ಆರಕ್ಕೆ ಮೊದಲೇ ನಾಯಿಯನ್ನು ಸುತ್ತಾಡಿಸಿ ಬಂದು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಬಿಟ್ಟು, ಮೊದಲ ಸದ್ದಿಗೇ ಆಟಿಕೆಯನ್ನು ಕೊಡಿ. ನಾಯಿ ಹೆದರಿ ಮೂಲೆ ಸೇರಿದ ಮೇಲೆ ಅದರ ಗಂಟಲಲ್ಲಿ ಏನೂ ಇಳಿಯುವುದಿಲ್ಲ. ಎರಡು ಆಟಿಕೆಗಳನ್ನು ಸಿದ್ಧಮಾಡಿಟ್ಟುಕೊಳ್ಳುವುದು ಒಳ್ಳೆಯದು.

ದಿನಗಳ ಹಂಚಿಕೆ

ಹಬ್ಬಕ್ಕೆ ಮೂರು ವಾರ ಇರುವಾಗ ಪ್ರತಿಯೊಂದು ತಿನಿಸನ್ನೂ ಚಿಕ್ಕ ಅಳತೆಯಲ್ಲಿ ಮಾಡಿ, ದಿನಕ್ಕೊಂದರಂತೆ, ಒಂದೇ ತುಂಡು ತಿನ್ನಿಸಿ ನೋಡಿ. ತುರಿಕೆ, ವಾಂತಿ, ಭೇದಿ ಕಾಣಿಸಿದರೆ ಕೈಬಿಡಲು ಇನ್ನೂ ಸಮಯವಿರುತ್ತದೆ. ಹಬ್ಬದ ದಿನವೇ ಹೊಸ ತಿನಿಸು ಕೊಟ್ಟರೆ, ಭೇದಿಯಾದದ್ದು ಪಟಾಕಿಯ ಭಯಕ್ಕೋ ತಿನಿಸಿಗೋ ತಿಳಿಯುವುದೇ ಇಲ್ಲ. ಎರಡು ವಾರ ಇರುವಾಗ ಬಿಸ್ಕತ್ತು, ಒಂದು ವಾರ ಇರುವಾಗ ಕೇಕು ಮತ್ತು ಉಂಡೆ ಮಾಡಿ. ಮನೆಯಲ್ಲಿ ಕಜ್ಜಾಯದ ಪಾಕ ಕಾಯುವ ದಿನ ಮಾತ್ರ ಅಡುಗೆಮನೆಗೆ ಈ ಕೆಲಸ ಹೊತ್ತು ಹೋಗಬೇಡಿ, ಎರಡೂ ಕೆಡುತ್ತವೆ.

ನೇಪಾಳದಲ್ಲಿ ತಿಹಾರ್ ಹಬ್ಬದ ಎರಡನೆಯ ದಿನ, ನಮಗೆ ನರಕ ಚತುರ್ದಶಿಯ ಹೊತ್ತಿಗೆ, ನಾಯಿಗಳಿಗೆ ಹಾರ ಹಾಕಿ, ತಿಲಕವಿಟ್ಟು, ತಿನಿಸು ಕೊಡುತ್ತಾರೆ. ಆ ಪದ್ಧತಿಯನ್ನು ಇಷ್ಟಪಟ್ಟು ಬೀದಿನಾಯಿಗಳಿಗೂ ಹಂಚಬೇಕೆನ್ನುವವರು ಬಿಸ್ಕತ್ತನ್ನಷ್ಟೇ ಎರಡು ಪಾಲು ಹೆಚ್ಚು ಮಾಡಿಕೊಂಡು, ಒಂದೊಂದು ನಾಯಿಗೆ ದೂರದೂರದಲ್ಲಿ ಹಾಕಿದರೆ ಜಗಳವಾಗುವುದಿಲ್ಲ.

ಹೊರತೆಗೆಯುವ ಕ್ರಮ

ಬಿಸ್ಕತ್ತಿನ ಕವರನ್ನು ಫ್ರೀಜರಿನಿಂದ ತೆಗೆದ ಕೂಡಲೇ ಬಿಚ್ಚಬಾರದು. ಮುಚ್ಚಿದಂತೆಯೇ ಒಂದೂವರೆ ಗಂಟೆ ಹೊರಗಿಟ್ಟರೆ ಗಾಳಿಯ ತೇವ ಕವರಿನ ಹೊರಮೈಯಲ್ಲಿ ಹನಿಗಟ್ಟುತ್ತದೆ. ತಣ್ಣಗಿರುವಾಗಲೇ ಬಿಚ್ಚಿದರೆ ಅದೇ ಹನಿ ಬಿಸ್ಕತ್ತಿನ ಮೇಲೆ ಕೂತು ಮೆತ್ತಗಾಗುತ್ತದೆ. ಮೆತ್ತಗಾದದ್ದನ್ನು 150 ಡಿಗ್ರಿಯಲ್ಲಿ ಏಳೆಂಟು ನಿಮಿಷ ಬಿಸಿಮಾಡಿದರೆ ಗರಿಗರಿ ಮರಳುತ್ತದೆ. ಕೇಕು ಮತ್ತು ಕೋಳಿ ಉಂಡೆಗಳನ್ನು ಹಿಂದಿನ ರಾತ್ರಿಯೇ ಫ್ರೀಜರಿನಿಂದ ಫ್ರಿಜ್ಜಿನ ಕೆಳ ಅಂಕಣಕ್ಕೆ ಇಳಿಸಿ. ಮೈಕ್ರೋವೇವಿನಲ್ಲಿ ಕರಗಿಸಿದರೆ ಅಲ್ಲಲ್ಲಿ ಸುಡುವಷ್ಟು ಬಿಸಿಯಾಗುವುದರಿಂದ ಒಡೆದು ನೋಡಿಯೇ ಕೊಡಬೇಕು. ಹೊರಗೆ ಇಟ್ಟ ಕೋಳಿ ಉಂಡೆಗೆ ಎರಡು ಗಂಟೆಯೇ ಗಡುವು.

ಬಟ್ಟಲಿಗೆ ಆ ದಿನದ ಪಾಲನ್ನು ಮಾತ್ರ ಹಾಕಿ ನೆಂಟರ ಎದುರಿಗಿಡಿ. ಖಾಲಿಯಾದರೆ ಮತ್ತೆ ತುಂಬಬೇಡಿ, ಆ ಹೊತ್ತಿನ ಊಟದಲ್ಲೂ ಸ್ವಲ್ಪ ಕಡಿಮೆ ಮಾಡಿ. ಮಕ್ಕಳಿಗೆ ಅಂಗೈ ಚಪ್ಪಟೆಯಾಗಿ ಹಿಡಿದು ಕೊಡುವುದನ್ನು ತೋರಿಸಿಕೊಡಿ. ಇಷ್ಟೆಲ್ಲ ಮಾಡಿಯೂ ಯಾರಾದರೂ ದ್ರಾಕ್ಷಿಯನ್ನೋ ಚಾಕೊಲೇಟನ್ನೋ ಕೊಟ್ಟುಬಿಟ್ಟರೆ ಲಕ್ಷಣಕ್ಕಾಗಿ ಕಾಯದೆ ಪಶುವೈದ್ಯರಿಗೆ ಕರೆಮಾಡಿ, ತಿಂದದ್ದರ ಹೆಸರು, ಅಳತೆ, ಹೊತ್ತು ಮತ್ತು ನಾಯಿಯ ತೂಕ ಹೇಳಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಆ ಉಪ್ಪೇ ಇನ್ನೊಂದು ವಿಷವಾಗುತ್ತದೆ. ಹಬ್ಬದ ದಿನಗಳಲ್ಲಿ ತೆರೆದಿರುವ ಚಿಕಿತ್ಸಾಲಯ ಯಾವುದೆಂಬುದನ್ನು ಬಿಸ್ಕತ್ತು ಬೇಯಿಸುವ ವಾರದಲ್ಲೇ ಕೇಳಿ, ಸಂಖ್ಯೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ.

ಸಂಜೆ ಬಟ್ಟಲಿನಲ್ಲಿ ಉಳಿದ ಬಿಸ್ಕತ್ತನ್ನು ಡಬ್ಬಿಗೆ ಹಾಕಿ ಎರಡು ದಿನದಲ್ಲಿ ಮುಗಿಸಬಹುದು. ಒಮ್ಮೆ ಕರಗಿದ ಕೇಕನ್ನೂ ಕೋಳಿ ಉಂಡೆಯನ್ನೂ ಮತ್ತೆ ಫ್ರೀಜರಿಗೆ ಹಾಕದೆ, ಹೊರಗೆ ಬಹಳ ಹೊತ್ತು ಇರದಿದ್ದವನ್ನು ಮಾತ್ರ ಫ್ರಿಜ್ಜಿನಲ್ಲಿಟ್ಟು ಮರುದಿನವೇ ಕೊಟ್ಟು ಮುಗಿಸಿ. ತೆರೆಯದ ಕವರುಗಳು ಎಷ್ಟು ಉಳಿದವೆಂಬುದನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದಿಡಿ. ಮುಂದಿನ ವರ್ಷ ಎಷ್ಟು ಹಿಟ್ಟು ಕಲಸಬೇಕೆಂಬುದು ಅದರಿಂದ ತಿಳಿಯುತ್ತದೆ.